ಗನ್ನು ಠಾಣೆಯಲ್ಲಿರಲಿ, ಅಪ್ಪ ಮನೆಯಲ್ಲಿರಲಿ

ಚುನಾವಣೆ ಬಂತು ಅಂದ್ರೆ ಲೈಸೆನ್ಸ್ ಬಂದೂಕು ಇರೋರು ಅದನ್ನ ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ತಗೊಂಡು ಬರ್ತಾರೆ. ಚುನಾವಣೆ ಮುಗಿದ ಮೇಲೆ ವಾಪಸ್ ತರ್ತಾರೆ. ಇದರಲ್ಲಿ ಯಾರಿಗೂ ಅವಮಾನ ಅನ್ನಿಸೋದಿಲ್ಲ. ಊರಿನ ಶಾಂತಿಗೆ ಮಾಡೋ ಈ ಕೆಲಸವನ್ನ ಮನೆಯ ಒಬ್ಬರ ಜೀವಕ್ಕಾಗಿಯೂ ಮಾಡಬಹುದು.

ಕಲಬುರಗಿ, ಕಮಲಾಪುರ ಕಡೆಯ ಮಾಜಿ ಸೈನಿಕರ ಮನೆಗಳನ್ನೇ ನೋಡಿ. ನಲವತ್ತರ ಆಸುಪಾಸಿಗೆ ಫೌಜಿನಿಂದ ನಿವೃತ್ತಿ. ಆಮೇಲೆ ಕೆಲವರಿಗೆ ಬ್ಯಾಂಕ್ ಗಾರ್ಡ್ ಕೆಲಸ, ಅದಕ್ಕೊಂದು ಗನ್ ಲೈಸೆನ್ಸ್. ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆ ಸೇರಿರ್ತಾರೆ. ತೊಗರಿ ಕೈಕೊಟ್ಟ ವರ್ಷ ಸಾಲ ಏರುತ್ತೆ, ನಿದ್ದೆ ಹೋಗುತ್ತೆ, ಮಾತು ಕಮ್ಮಿ ಆಗುತ್ತೆ. ಫೋನಿನಲ್ಲಿ ಮಾತ್ರ "ಆರಾಮ ಅದೀನಿ" ಅಂತಾರೆ.

ಸಾಯಬೇಕು ಅನ್ನೋ ತೀವ್ರ ಒತ್ತಡ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಲ್ಲಿ ಗನ್ ಕೈಗೆ ಸಿಗದಿದ್ದರೆ ಜೀವ ಉಳಿಯೋ ಸಾಧ್ಯತೆ ಹೆಚ್ಚು. "ಬೇರೆ ದಾರಿ ಹುಡುಕ್ತಾರೆ ಬಿಡಿ" ಅನ್ನೋದು ತಪ್ಪು ತಿಳಿವಳಿಕೆ. 2006ರಲ್ಲಿ ಇಸ್ರೇಲ್ ಸೇನೆಯು ವಾರಾಂತ್ಯಕ್ಕೆ ಮನೆಗೆ ಹೋಗೋ ಸೈನಿಕರು ಬಂದೂಕನ್ನ ಕ್ಯಾಂಪಿನಲ್ಲೇ ಬಿಡಬೇಕು ಅಂತ ನಿಯಮ ತಂದಿತು. ಸೈನಿಕರ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 40ರಷ್ಟು ಇಳಿಯಿತು.

ನಮ್ಮ ಫೌಜಿಗಳಿಗೂ ಇದು ಹೊಸದಲ್ಲ. ಡ್ಯೂಟಿ ಮುಗಿದರೆ ಆಯುಧ ಕೋತ್‌ಗೆ, ಅಂದ್ರೆ ಶಸ್ತ್ರಾಗಾರಕ್ಕೆ ಒಪ್ಪಿಸೋದು ಅವರು ವರ್ಷಗಟ್ಟಲೆ ಪಾಲಿಸಿದ ಶಿಸ್ತು. ಹಾಗಾಗಿ ಕಸಿದುಕೊಳ್ಳೋ ಮಾತು ಬೇಡ. "ಅಪ್ಪಾ, ನಿಮಗ ನಿದ್ದಿ ಸರಿ ಬರೋ ತನಕ ಗನ್ ಠಾಣೆದಾಗ ಇಡೋಣ್ರಿ, ನಾ ಜೋಡಿ ಬರ್ತೀನಿ" ಅನ್ನಿ. ಲೈಸೆನ್ಸ್ ಇರೋ ಬಂದೂಕು ಅಂಗಡಿಯಲ್ಲೂ ಠೇವಣಿ ಇಡಬಹುದು. ಇಟ್ಟ ಮಾತ್ರಕ್ಕೆ ಲೈಸೆನ್ಸ್ ಹೋಗೋದಿಲ್ಲ. ಕೆಲಸದ ಚಿಂತೆ ಇದ್ದರೆ ಕೆಲ ದಿನ ರಜೆ ಕೇಳಲಿ.

ಒಂದು ಎಚ್ಚರ. ನೀವೇ ಗನ್ ಎತ್ತಿಕೊಂಡು ಹೋಗಿ ಕಾಕಾನ ಮನೆಯಲ್ಲಿಡಬೇಡಿ. ಲೈಸೆನ್ಸ್ ಇಲ್ಲದವರು ಇಟ್ಟುಕೊಳ್ಳೋದು ಅಪರಾಧ. ಮನೆಯಲ್ಲೇ ಇರೋ ದಿನಗಳಲ್ಲಿ ಗನ್ ಖಾಲಿ ಮಾಡಿ ಬೀಗ ಹಾಕಿರಲಿ, ಗುಂಡುಗಳು ಬೇರೆ ಕಡೆ ಬೀಗದಲ್ಲಿರಲಿ. ಹೊಲಕ್ಕೆ ಹೊಡೆಯೋ ಔಷಧಿಗೂ ಇದೇ ಎಚ್ಚರ ಬೇಕು.

"ನಾನು ನಿಮಗೆ ಭಾರ" ಅನ್ನೋದು, ಪ್ರೀತಿಯ ವಸ್ತುಗಳನ್ನ ಹಂಚೋದು, ಇದ್ದಕ್ಕಿದ್ದಂತೆ ಲೆಕ್ಕಪತ್ರ ಒಪ್ಪಿಸೋದು ಕಂಡರೆ ನೇರವಾಗಿ ಕೇಳಿ: "ಬದುಕೋದೇ ಬ್ಯಾಡ ಅನಿಸ್ಲಿಕತ್ತದೇನ್ರಿ?" ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಎಷ್ಟೋ ಸಲ ಮನಸ್ಸು ಹಗುರ ಆಗುತ್ತೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ನೀವು ದೂರ ಇದ್ದರೆ ಪಕ್ಕದ ಮನೆಯವರನ್ನೋ ಅವರ ಫೌಜಿ ಗೆಳೆಯರನ್ನೋ ತಕ್ಷಣ ಕಳಿಸಿ.

ಟೆಲಿ-ಮನಸ್ 14416ಕ್ಕೆ ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗ್ತಾರೆ. ಈಗಲೇ ಅಪಾಯ ಅನ್ನಿಸಿದರೆ 112.

ಈ ವಾರ ಮನೆಗೆ ಫೋನ್ ಮಾಡಿದಾಗ "ಊಟ ಆಯ್ತೇನ್ರಿ" ಆದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: "ರಾತ್ರಿ ನಿದ್ದಿ ಹ್ಯಾಂಗ ಬರ್ಲಿಕತ್ತದ?" ಉತ್ತರ ಬರೋ ತನಕ ಫೋನ್ ಇಡಬೇಡಿ.