ಅಣಬೆಯೂ ಅರ್ಬುದರೋಗವೂ

ಬತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆಯನ್ನು ಬೆಳೆದು ಮಾರುವ ಬೇಸಾಯಗಾರರಲ್ಲಿ ಕೆಲವರು, ಅದು ಅರ್ಬುದರೋಗವನ್ನು, ಎಂದರೆ ಕ್ಯಾನ್ಸರನ್ನು, ವಾಸಿಮಾಡುವುದೆಂದು ಗಿರಾಕಿಗಳಿಗೆ ಹೇಳುವುದುಂಟು. ಈ ಮಾತು ಸಲ್ಲತಕ್ಕುದಲ್ಲ.

ಮಾತಿಗೆ ಮೂಲವೇ ಇಲ್ಲವೆಂದಲ್ಲ. ಜಪಾನು ದೇಶದಲ್ಲಿ ಗೋರೊ ಚಿಹಾರಾ ಎಂಬವರೂ ಅವರ ಸಂಗಡಿಗರೂ ಶಿಟಾಕೆ ಎಂಬ ಅಣಬೆಯಿಂದ ಲೆಂಟಿನಾನ್ ಎಂಬ ಶರ್ಕರವರ್ಗದ ವಸ್ತುವನ್ನು ಬೇರ್ಪಡಿಸಿ, ಅದು ಇಲಿಗಳ ಗಡ್ಡೆಗಳನ್ನು ಕುಗ್ಗಿಸುವುದೆಂದು 1969ರಲ್ಲಿ ಪ್ರಕಟಿಸಿದರು. ಸತ್ತ ಮರದ ಮೇಲೆ ಬೀಸಣಿಗೆಯಂತೆ ಹರಡುವ ಮತ್ತೊಂದು ಶಿಲೀಂಧ್ರದಿಂದ ತೆಗೆದ ಕ್ರೆಸ್ಟಿನ್ನಿಗೆ 1977ರಲ್ಲಿಯೂ, ಲೆಂಟಿನಾನಿಗೆ 1985ರಲ್ಲಿಯೂ ಆ ಸರಕಾರದ ಒಪ್ಪಿಗೆ ದೊರೆಯಿತು.

ಆದರೆ ಇವು ರೋಗವನ್ನು ತಾವೇ ನೀಗುವ ಮದ್ದುಗಳಾಗಿರಲಿಲ್ಲ. ದೇಹದ ರೋಗನಿರೋಧಶಕ್ತಿಗೆ ಒತ್ತಾಸೆಯಾಗಲೆಂದು ಇತರ ಔಷಧಗಳ ಜೊತೆಗೆ ವೈದ್ಯರು ಇವನ್ನು ಕೊಡುತ್ತಿದ್ದರು. ಲೆಂಟಿನಾನನ್ನಂತೂ ಶುದ್ಧಿಮಾಡಿ ರಕ್ತನಾಳಕ್ಕೆ ಸೇರಿಸುತ್ತಿದ್ದರಲ್ಲದೆ ಊಟದಲ್ಲಿ ಬಡಿಸುತ್ತಿರಲಿಲ್ಲ. ಸಾರಿನಲ್ಲಿ ಬೆಂದ ಅಣಬೆಗೂ ಆ ಮದ್ದಿಗೂ ಇರುವ ದೂರವು ಕಬ್ಬಿನ ಜಲ್ಲೆಗೂ ಸಕ್ಕರೆಗೂ ಇರುವುದಕ್ಕಿಂತ ಹೆಚ್ಚು. ಅದೂ ಶಿಟಾಕೆಯಾದರೆ, ಚಿಪ್ಪು ಅಣಬೆಯ ಜಾತಿಯೇ ಬೇರೆ.

ಎದೆಯಲ್ಲಿ ಗಡ್ಡೆ ಕಂಡ ಹೆಂಗಸೊಬ್ಬಳು ಇಂಥ ಮಾತನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮೂರು ತಿಂಗಳು ಮುಂದೂಡಿದರೆ, ಕೊಯ್ದು ತೆಗೆಯಬಹುದಾಗಿದ್ದ ಗಡ್ಡೆಯು ಕೈಮೀರಬಹುದು. ಆ ಹೊಣೆಯಲ್ಲಿ ಮಾರಿದವನ ಪಾಲೂ ಇರುತ್ತದೆ. ಅಣಬೆಯು ಒಳ್ಳೆಯ ಆಹಾರ. ಕೊಯ್ದ ದಿನವೇ ಪೇಟೆಗೆ ತಲುಪಿಸಿದರೆ ಆ ಹೆಸರಿನಿಂದಲೇ ವಿಕ್ರಯವಾಗುವುದು. ರೋಗಿಯ ಮನೆಯವರು ಬಂದು ಕೇಳಿದಲ್ಲಿ, ಮೊದಲು ವೈದ್ಯರನ್ನು ಕಾಣಿರೆಂದು ಹೇಳಿ ಕಳುಹಿಸತಕ್ಕುದು.