ಕುಡಿತ ಬಿಡುತ್ತೇನೆ ಎಂದವನಿಗೆ ಊರಲ್ಲಿ ಯಾರಿದ್ದಾರೆ?

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಹಳ್ಳಿಗಳ ಆರೋಗ್ಯ ಸಿಬ್ಬಂದಿಗೆ ವ್ಯಸನ ಚಿಕಿತ್ಸೆ ಮತ್ತು ಆಪ್ತಸಮಾಲೋಚನೆಯಲ್ಲಿ ಸರಿಯಾದ ತರಬೇತಿ ಕೊಡುವ ಬಗ್ಗೆ.

ಮಾನ್ಯರೇ,

ಕುಡಿತ ಬಿಡುತ್ತೇನೆ ಎಂದು ತಾನಾಗಿಯೇ ಬಂದವನನ್ನು ನೋಡಿಕೊಳ್ಳಲು ನಮ್ಮ ಹೋಬಳಿಯಲ್ಲಿ ಆ ಕೆಲಸ ಕಲಿತವರು ಒಬ್ಬರೂ ಇಲ್ಲ. ಇದೇ ನನ್ನ ದೂರು. ಮದ್ಯದಂಗಡಿ ಮುಚ್ಚಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಆ ಬೇಡಿಕೆಯನ್ನು 2019ರ ಜನವರಿಯಲ್ಲಿ ನಮ್ಮ ಚಿತ್ರದುರ್ಗದಿಂದಲೇ ಹೆಣ್ಣುಮಕ್ಕಳು ಬೆಂಗಳೂರಿನವರೆಗೆ ನಡೆದು ಹೋಗಿ ಸರ್ಕಾರದ ಮುಂದಿಟ್ಟಿದ್ದಾರೆ. ನಾನು ಕೇಳುತ್ತಿರುವುದು ತಮ್ಮ ಇಲಾಖೆಯ ಕೈಯಲ್ಲೇ ಇರುವ ಕೆಲಸ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಈಗಲೂ ಹೆಣ್ಣುಮಕ್ಕಳು ಮನೆ ಬಾಗಿಲಿಗೆ ಬರುತ್ತಾರೆ. ಬಿ.ಪಿ. ಮಾತ್ರೆ, ಮಗುವಿನ ಚುಚ್ಚುಮದ್ದು ಎಂದು ಶುರುವಾದ ಮಾತು ಕೊನೆಗೆ ಬಂದು ನಿಲ್ಲುವುದು ಗಂಡನ ಕುಡಿತಕ್ಕೆ. "ಅಕ್ಕಾ, ಬಿಡ್ತೀನಿ ಅಂತಾನೆ, ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಎಂದು ಕೇಳುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಎನ್ನುತ್ತೇನೆ. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಅಲ್ಲಿ ಉಳಿದುಕೊಳ್ಳುವ ಕಷ್ಟ ಎಲ್ಲ ಲೆಕ್ಕ ಹಾಕುವಷ್ಟರಲ್ಲಿ ಅವನ ಮನಸ್ಸು ತಿರುಗಿರುತ್ತದೆ.

ನಮ್ಮ ಬೀದಿಯಲ್ಲಿ ಗಾರೆ ಕೆಲಸದವನೊಬ್ಬನಿದ್ದ. ವರ್ಷಗಟ್ಟಲೆ ದಿನಕ್ಕೆ ಎರಡು ಕ್ವಾರ್ಟರ್ ಕುಡಿದವನು. ಮಗಳ ಮದುವೆ ಗೊತ್ತಾದ ಮೇಲೆ ಮನೆದೇವರ ಮುಂದೆ ಆಣೆ ಮಾಡಿ ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟ. ಮರುದಿನ ಕೈನಡುಕ, ಮೈಯೆಲ್ಲ ಬೆವರು, ನಿದ್ದೆಯಿಲ್ಲ. ಮೂರನೆಯ ರಾತ್ರಿ ಗೋಡೆ ತುಂಬ ಹುಳ ಹರಿಯುತ್ತಿವೆ, ಯಾರೋ ಹಿಡಿಯಲು ಬಂದಿದ್ದಾರೆ ಎಂದು ಕೂಗಾಡಿದ. ಗಾಳಿ ಸೋಕಿದೆ ಎಂದುಕೊಂಡು ಮನೆಯವರು ಮಂಚಕ್ಕೆ ಕಟ್ಟಿ, ತಾಯತ ಕಟ್ಟಿಸಿದರು. ಬೆಳಗ್ಗೆ ಆರೋಗ್ಯ ಕೇಂದ್ರಕ್ಕೆ ಹೊತ್ತು ತಂದಾಗ ಒಂದು ಗ್ಲೂಕೋಸ್ ಬಾಟಲಿ ಹಾಕಿ, ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದರು. ದಾರಿಯಲ್ಲಿ ಫಿಟ್ಸ್ ಬಂತು. ಅವನು ಉಳಿಯಲಿಲ್ಲ. ಕುಡಿದು ಕುಡಿದು ಸತ್ತ ಎಂದು ಊರು ಮಾತಾಡಿತು. ಅವನು ಸತ್ತದ್ದು ಕುಡಿತ ಬಿಟ್ಟ ಮೇಲೆ, ಆ ನಾಲ್ಕು ದಿನ ದಾಟಿಸುವವರು ಇಲ್ಲದೆ.

ಅಂದು ಕೆಲಸದಲ್ಲಿದ್ದ ನರ್ಸ್ ಬಗ್ಗೆ ನನಗೆ ಸಿಟ್ಟಿಲ್ಲ. ಹೆರಿಗೆಯಾದ ಮೇಲೆ ರಕ್ತಸ್ರಾವವಾದರೆ ಏನು ಮಾಡಬೇಕೆಂದು ಆ ಹುಡುಗಿಗೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗೊತ್ತು. ಕುಡಿತ ಬಿಟ್ಟವನನ್ನು ನೋಡಿಕೊಳ್ಳುವುದನ್ನು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಡಬೇಕಾದ್ದು ಅಷ್ಟೇನೂ ಕಷ್ಟದ್ದಲ್ಲ. ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಭ್ರಮೆ, ಕೂಗಾಟ, ಜ್ವರ, ಗೊಂದಲ ಕಾಣಿಸುವುದು ಎರಡರಿಂದ ನಾಲ್ಕನೆಯ ದಿನದ ನಡುವೆ. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಕೇಳಿ, ಬಂದಿದ್ದರೆ ಮನೆಯಲ್ಲಿ ಬಿಡದೆ ದಾಖಲು ಮಾಡಿಕೊಳ್ಳಬೇಕು. ಡಯಾಜೆಪಾಮ್ ಅಥವಾ ಲೊರಾಜೆಪಾಮ್ ಅನ್ನು ವೈದ್ಯರ ಲೆಕ್ಕದಂತೆ ಕೊಟ್ಟು, ದಿನದಿನಕ್ಕೆ ಇಳಿಸುತ್ತಾ ಬರಬೇಕು. ಗ್ಲೂಕೋಸ್ ಹಾಕುವುದಾದರೆ ಅದಕ್ಕೆ ಮೊದಲು ಥಯಾಮಿನ್, ಅಂದರೆ ಬಿ-1 ವಿಟಮಿನ್ ಚುಚ್ಚುಮದ್ದು ಕೊಡಬೇಕು. ಅದರ ಕೊರತೆಯಿಂದ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಇವು ಯಾವುವೂ ದುಬಾರಿ ಔಷಧಿಗಳಲ್ಲ. ಇಷ್ಟು ತಿಳಿದ ಒಬ್ಬ ವೈದ್ಯರು, ಒಬ್ಬ ನರ್ಸ್ ಹೋಬಳಿಗೆ ಇದ್ದರೆ ಎಷ್ಟೋ ಮನೆಗಳ ಯಜಮಾನರು ಉಳಿಯುತ್ತಾರೆ.

ನಮ್ಮ ಜಿಲ್ಲೆಯೊಂದರ ಸಂಕಟ ಇದೆಂದು ತಾವು ತಿಳಿಯಬಾರದು. ದೆಹಲಿಯ ಏಮ್ಸ್ ನಡೆಸಿ, ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಇತ್ತ ನಮ್ಮ ರಾಜ್ಯದ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಆ ಹಣದಲ್ಲಿ ನಮ್ಮ ಬೀದಿಯ ಕೂಲಿಯ ಪಾಲೂ ಇದೆ. ಅದರ ಒಂದು ಸಣ್ಣ ತುಣುಕನ್ನಾದರೂ ಕುಡಿತದಿಂದ ಹೊರಬರಲು ಒದ್ದಾಡುವವರಿಗೆ ನೆರವಾಗುವವರನ್ನು ತಯಾರು ಮಾಡಲು ಹಿಂತಿರುಗಿಸಿ ಎಂದು ಕೇಳುವುದು ನಮ್ಮ ಹಕ್ಕು.

ನನಗೆ ಹೆಚ್ಚು ನೋವಾಗುವುದು, ಹಳ್ಳಿಯ ಸಿಬ್ಬಂದಿಗೇ ಕಲಿಸುವ ಈ ದಾರಿಯನ್ನು ದೇಶಕ್ಕೇ ತೋರಿಸಿದ್ದು ಕರ್ನಾಟಕ ಎಂದು ನೆನೆದಾಗ. ಬೆಂಗಳೂರಿನ ನಿಮ್ಹಾನ್ಸ್ ಎಪ್ಪತ್ತರ ದಶಕದಲ್ಲೇ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸ ಶುರುಮಾಡಿ, ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಪಾಠ ಹೇಳಿತು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಯನ್ನೇ ತರಬೇತುಗೊಳಿಸಿ, ಮನೋರೋಗಕ್ಕೆ ಊರಿನ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ಇದೇ ತಿಳಿವಳಿಕೆಯನ್ನು ಸರಳ ಕನ್ನಡದಲ್ಲಿ ಮನೆಮನೆಗೆ ತಲುಪಿಸಿದರು. ಇಷ್ಟು ದೊಡ್ಡ ಪರಂಪರೆ ಇರುವ ರಾಜ್ಯದಲ್ಲಿ, ಬಳ್ಳಾರಿಯ ಪಕ್ಕದ ಜಿಲ್ಲೆಯ ನರ್ಸ್ ಒಬ್ಬಳಿಗೆ ಕೈನಡುಕ ಕಂಡಾಗ ಏನು ಮಾಡಬೇಕೆಂದು ಗೊತ್ತಿಲ್ಲ.

ತರಬೇತಿ ನಡೆಯುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ನಡೆಯುವ ರೀತಿಯನ್ನು ನಾನು ಬಲ್ಲೆ. ತಾಲ್ಲೂಕು ಕೇಂದ್ರದಲ್ಲಿ ಒಂದು ದಿನ. ಬೆಳಗ್ಗೆ ಉದ್ಘಾಟನೆ, ಪರದೆಯ ಮೇಲೆ ಇಂಗ್ಲಿಷ್ ಚಿತ್ರಗಳು, ಮಧ್ಯಾಹ್ನ ಊಟ, ಸಂಜೆ ಸಹಿ, ಕೈಗೊಂದು ಫೈಲು. ಒಬ್ಬ ರೋಗಿಯನ್ನೂ ಮುಂದೆ ಕೂರಿಸುವುದಿಲ್ಲ. ಕುಡಿಯುವವನ ಜೊತೆ ಮಾತು ಎಲ್ಲಿಂದ ಶುರುಮಾಡಬೇಕು, ಅವನು ಸುಳ್ಳು ಹೇಳಿದರೆ ಏನು ಮಾಡಬೇಕು, ಹೆಂಡತಿ ಅಳುತ್ತಾ ಪಕ್ಕದಲ್ಲಿ ನಿಂತಿದ್ದರೆ ಯಾರನ್ನು ಮೊದಲು ಮಾತಾಡಿಸಬೇಕು, ಇವನ್ನೆಲ್ಲ ಪುಸ್ತಕ ಓದಿ ಕಲಿಯಲಾಗದು. ಎಷ್ಟು ಕುಡಿಯುತ್ತಾನೆಂದು ಅಳೆಯುವುದನ್ನು ಹತ್ತು ಗ್ರಾಂ ಮದ್ಯಸಾರದ ಒಂದು ಪ್ರಮಾಣದ ಲೆಕ್ಕದಲ್ಲಿ ಹೇಳಿಕೊಡುತ್ತಾರೆ. ನಮ್ಮವರು ಹೇಳುವುದು ನೈಂಟಿ, ಕ್ವಾರ್ಟರ್ ಎಂದು. 180 ಮಿ.ಲೀ.ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ, ಅಂದರೆ ಅಂಥ ಆರು ಪ್ರಮಾಣ. ಇಷ್ಟನ್ನು ಹೇಳಿಕೊಟ್ಟಿದ್ದರೆ, "ಬರೀ ಒಂದು ಕ್ವಾರ್ಟರ್ ಸಿಸ್ಟರ್" ಎನ್ನುವವನನ್ನು ನಮ್ಮ ಆಶಾ ಕಾರ್ಯಕರ್ತೆ ಸುಮ್ಮನೆ ಕಳಿಸುತ್ತಿರಲಿಲ್ಲ.

ಹಳ್ಳಿಯ ಸಾಮಾನ್ಯ ಜನರಿಂದ ಇದು ಆಗುವ ಕೆಲಸವೇ ಎಂಬ ಅನುಮಾನ ತಮ್ಮ ಅಧಿಕಾರಿಗಳಿಗೆ ಇದ್ದರೆ ಪಕ್ಕದ ಗೋವಾವನ್ನು ನೋಡಲಿ. ಅಲ್ಲಿ ಮನೋವೈದ್ಯಕೀಯ ಓದಿಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಅಪಾಯದ ಮಟ್ಟಕ್ಕೆ ಕುಡಿಯುವ ಗಂಡಸರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿಸಿದರು. ಮೂರು ತಿಂಗಳ ನಂತರ, ಹೀಗೆ ಮಾತಾಡಿಸಿದವರಲ್ಲಿ ಶೇ. 36ರಷ್ಟು ಮಂದಿ ಆ ಅಪಾಯದ ಮಟ್ಟದಿಂದ ಇಳಿದಿದ್ದರು. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 26. ಈ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅವರು ಪಾಠ ಹೇಳಿ ಕೈಬಿಡಲಿಲ್ಲ. ಸಮಾಲೋಚಕರು ತಮ್ಮ ಮಾತುಕತೆಯ ಧ್ವನಿಮುದ್ರಣವನ್ನು ಗುಂಪಿನಲ್ಲಿ ಕೇಳಿಸಿ, ಎಲ್ಲಿ ತಪ್ಪಿತು, ಎಲ್ಲಿ ಸರಿಹೋಯಿತು ಎಂದು ಪರಸ್ಪರ ತಿದ್ದಿಕೊಂಡರು. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಿಗೆ ಮಾತೊಂದೇ ಸಾಲದು, ಔಷಧಿಯೂ ವೈದ್ಯರೂ ಬೇಕು, ಒಪ್ಪುತ್ತೇನೆ. ಆದರೆ ಅಲ್ಲಿಯವರೆಗೆ ಹೋಗದಂತೆ ತಡೆಯುವ ಕೆಲಸ ಹಳ್ಳಿಯಲ್ಲೇ ಆಗಬೇಕು.

ಕಲಿತವರಿಲ್ಲದ ಜಾಗವನ್ನು ಈಗ ಯಾರು ಯಾರೋ ತುಂಬಿದ್ದಾರೆ. "ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತು ನೋಡಿ, ಹೆಣ್ಣುಮಕ್ಕಳು ಸಾಲ ಮಾಡಿ ಪುಡಿ ತಂದು ಸಾರಿಗೆ ಬೆರೆಸುತ್ತಾರೆ. ಆ ಪುಡಿಯಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್‌ನಂಥ ಔಷಧಿಯನ್ನು ಗೊತ್ತಿಲ್ಲದೆ ನುಂಗಿದವನು ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಇನ್ನು ಕೆಲವು ಖಾಸಗಿ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿ, ಹೊಡೆದು ಬಿಡಿಸುತ್ತಾರೆ. ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ 2017 ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ, ಅಂಥ ಕೇಂದ್ರಗಳ ನೋಂದಣಿ ಕಡ್ಡಾಯ ಮಾಡಿದೆ. ತಪಾಸಣೆಯೂ ತಮ್ಮ ಇಲಾಖೆಯಿಂದಲೇ ಆಗಬೇಕು. ಇವರಂತಲ್ಲದೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸಿ, ಆಮೇಲೆ ನವಜೀವನ ಸಮಿತಿಗಳ ಮೂಲಕ ಬಿಟ್ಟವರನ್ನು ಒಟ್ಟಿಗೆ ಸೇರಿಸುತ್ತಾ ಬಂದಿದ್ದಾರೆ. ಬಿಟ್ಟವನಿಗೆ ಬಿಟ್ಟವನೇ ಜೊತೆಗಾರ ಎಂಬ ಆ ತಿಳಿವು ಬೆಲೆಯುಳ್ಳದ್ದು. ಆದರೆ ಶಿಬಿರ ವರ್ಷಕ್ಕೊಮ್ಮೆ ಬಂದೀತು. ಜಾತ್ರೆಯ ಬಾಡೂಟ, ತಿಥಿಯ ಮನೆ, ಚುನಾವಣೆಯ ಪುಕ್ಕಟೆ ಬಾಟಲಿ ಇವೆಲ್ಲ ವರ್ಷವಿಡೀ ಬರುತ್ತವೆ. ಮತ್ತೆ ಕುಡಿದವನನ್ನು ಬೈಯದೆ ಒಳಗೆ ಕರೆದು ಕೂರಿಸುವವರು ಆರೋಗ್ಯ ಕೇಂದ್ರದಲ್ಲಿ ಇರಬೇಕು.

ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಒಳ್ಳೆಯ ವ್ಯವಸ್ಥೆ. ಆದರೆ ಶುಕ್ರವಾರ ಕುಡಿತ ನಿಲ್ಲಿಸಿದವನ ಮೈ ಮಂಗಳವಾರದವರೆಗೆ ಕಾಯುವುದಿಲ್ಲ. 14416 ಸಹಾಯವಾಣಿಗೆ ಕರೆ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಅದೂ ಉಪಕಾರವೇ. ಆದರೆ ಫೋನಿನಲ್ಲಿ ಚುಚ್ಚುಮದ್ದು ಹಾಕಲಾಗದು.

ಆದ್ದರಿಂದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಒಬ್ಬ ನರ್ಸ್‌ಗೂ, ಪ್ರತಿ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೂ ಕನ್ನಡದಲ್ಲಿ, ವಾರ್ಡಿನಲ್ಲಿ ರೋಗಿಗಳ ಪಕ್ಕದಲ್ಲೇ ನಿಂತು ಕಲಿಯುವ ತರಬೇತಿ ಕೊಡಿಸಿ. ಮುಗಿದ ಮೇಲೂ ಜಿಲ್ಲಾ ಮಾನಸಿಕ ಆರೋಗ್ಯ ತಂಡ ವಾರಕ್ಕೊಮ್ಮೆ ಅವರ ರೋಗಿಗಳ ಬಗ್ಗೆ ವಿಡಿಯೋ ಕರೆಯಲ್ಲಿ ಚರ್ಚಿಸಲಿ; ದೂರದಿಂದಲೇ ಹೀಗೆ ಕಲಿಸುವ ಅನುಭವ ನಿಮ್ಹಾನ್ಸ್‌ಗೆ ಇದೆ. ತಾಲ್ಲೂಕಿಗೊಬ್ಬ ಆಪ್ತಸಮಾಲೋಚಕರ ಹುದ್ದೆಯನ್ನು ಕಾಯಂ ಮಾಡಿ. ವರ್ಷ ವರ್ಷ ಗುತ್ತಿಗೆ ಬದಲಾದರೆ ಕಲಿತವರು ಊರು ಬಿಡುತ್ತಾರೆ. ಕುಡಿತ ಬಿಟ್ಟು ನಿಂತವರಲ್ಲಿ ಆಸಕ್ತಿ ಇರುವವರಿಗೆ ತರಬೇತಿ ಕೊಟ್ಟು, ಗೌರವದ ಸಂಬಳ ಕೊಟ್ಟು ಜೊತೆಗೆ ಸೇರಿಸಿಕೊಳ್ಳಿ. ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಪುಕ್ಕಟೆಯಾಗಿ ಹೊರಿಸಬೇಡಿ. ಥಯಾಮಿನ್ ಚುಚ್ಚುಮದ್ದು ಪ್ರತಿ ಕೇಂದ್ರದ ಕಪಾಟಿನಲ್ಲಿ ಸದಾ ಇರಲಿ.

ಮದ್ಯವ್ಯಸನದಿಂದ ಬಂದ ಮಾನಸಿಕ ಸ್ಥಿತಿಯನ್ನೂ 2017ರ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಸರ್ಕಾರ ನಡೆಸುವ ಅಥವಾ ಹಣ ಕೊಡುವ ಸೇವೆಯಿಂದ ಚಿಕಿತ್ಸೆ ಪಡೆಯುವ ಹಕ್ಕನ್ನು ಅದರ 18ನೆಯ ಕಲಮು ಪ್ರತಿಯೊಬ್ಬರಿಗೂ ಕೊಟ್ಟಿದೆ. ಈ ವರ್ಷದ ತರಬೇತಿ ಯೋಜನೆ ಅಂತಿಮವಾಗುವ ಮೊದಲು ಚಿತ್ರದುರ್ಗ ಜಿಲ್ಲೆಯ ಪ್ರತಿ ಹೋಬಳಿಯಿಂದ ಕನಿಷ್ಠ ಒಬ್ಬ ವೈದ್ಯರ, ಒಬ್ಬ ನರ್ಸ್‌ನ ಹೆಸರು ತರಬೇತಿಯ ಪಟ್ಟಿಗೆ ಸೇರುವಂತೆ ಆದೇಶ ಹೊರಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಸಹಾಯಕಿ,
ಚಿತ್ರದುರ್ಗ ಜಿಲ್ಲೆ