ಮಳೆನೀರು: ಅನುಭವವೂ ಹಂಚಿಕೆಯಾಗಲಿ

ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದದ್ದು 2009ರಲ್ಲಿ. 2,400 ಚದರ ಅಡಿ ಹಾಗೂ ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳೂ ಆ ಕಾನೂನಿನ ವ್ಯಾಪ್ತಿಗೆ ಬಂದವು. ಆದರೂ 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ನಗರ ಟ್ಯಾಂಕರ್‌ಗಳಿಗೆ ಕೈಯೊಡ್ಡಿತು.

ನಗರದ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಈ ಲೆಕ್ಕದಲ್ಲಿ 1,200 ಚದರ ಅಡಿ ತಾರಸಿಯ ಮೇಲೆ ವರ್ಷಕ್ಕೆ ಬೀಳುವ ನೀರು ಒಂದು ಲಕ್ಷ ಲೀಟರಿಗೂ ಹೆಚ್ಚು. ಕಟ್ಟಿ ಮುಗಿದ ಮನೆಯಲ್ಲಿ ಅದನ್ನು ಹಿಡಿದಿಡುವ ಕುಶಲತೆಯೇ ನಮಗಿಂದು ವಿರಳ.

ಆ ಕುಶಲತೆ ಹವ್ಯಾಸಿಗಳಲ್ಲಿದೆ. ಪಿವಿಸಿ ಪೈಪು, ಜಲ್ಲಿ, ಮರಳು ತಂದು ತಾವೇ ಪ್ರಯೋಗ ನಡೆಸುವ ನಿವೃತ್ತರನ್ನೂ ಗೃಹಿಣಿಯರನ್ನೂ ನಾನು ಬಲ್ಲೆ. ಮೊದಲ ಮಳೆಯ ಕೊಳೆನೀರು ಹೊರಹೋಗಲು ವಾಲ್ವ್ ಎಲ್ಲಿರಬೇಕು, ಫಿಲ್ಟರ್ ಯಾವಾಗ ತೊಳೆಯಬೇಕು, ಸಂಪಿಗೆ ಬೆಳಕು ಬಿದ್ದರೆ ಪಾಚಿ ಹೇಗೆ ಕಟ್ಟುತ್ತದೆ ಎಂಬುದನ್ನೆಲ್ಲ ಅವರು ಕೈಯಾರೆ ಕಲಿತಿದ್ದಾರೆ. ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು ವಿಜಯನಗರದ ತಮ್ಮ ಮನೆಯನ್ನು ಮಳೆನೀರಿನ ಮೇಲೆಯೇ ನಡೆಸಿ, ಆ ಅನುಭವವನ್ನು ಜನರಿಗೆ ಹಂಚಿದರು.

ಜ್ಞಾನ ಹಂಚಿದಷ್ಟೂ ಸವೆಯದ ಸರಕೆಂದು ಅರ್ಥಶಾಸ್ತ್ರ ಹೇಳುತ್ತದೆ. ಆದರೆ ಅದು ತಾನಾಗಿ ಹರಡದು. ದಂಡಕ್ಕೆ ಹೆದರಿ ಹಾಕಿಸಿದ ಪೈಪು ಮೂರನೆಯ ಮಳೆಗಾಲಕ್ಕೆ ಕಟ್ಟಿಕೊಂಡರೆ, ನೆರವಿಗೆ ಬರುವವರು ಬಲ್ಲ ನೆರೆಹೊರೆಯವರೇ. ಜಯನಗರದಲ್ಲಿ ಜಲಮಂಡಳಿಯ ಮಾದರಿ ಉದ್ಯಾನವಿದೆ. ಹತ್ತು ವರ್ಷ ಬಳಕೆಯಾದ ಮನೆ ಕಲಿಸುವ ಪಾಠವೇ ಬೇರೆ. ಮುಂಗಾರಿಗೆ ಮುನ್ನ ಬಡಾವಣೆಗೊಂದರಂತೆ ಇಂಥ ಮನೆಗಳಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸಿ, ಗೆದ್ದದ್ದರ ಜೊತೆಗೆ ಸೋತದ್ದನ್ನೂ ಕನ್ನಡದಲ್ಲಿ ದಾಖಲಿಸುವುದು ಮಂಡಳಿಗೆ ದೊಡ್ಡ ಖರ್ಚಿನ ಕೆಲಸವೇನಲ್ಲ.